ಹಿತ್ತಾಳೆ ವಾಲ್ವಿನ ಕಿಲುಬು

ಶಕುಂತಲಾಳ ಕೋಪ ಸಿಂಗಪುರದ ಯಿಶುನ್‌ನ ಆ ಬ್ಲಾಕಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಲಿಫ್ಟಿನೊಳಗೆ ಸಿಗರೇಟು ಹಚ್ಚುವವರನ್ನು, ಹಿಂಡದ ಬಟ್ಟೆಯನ್ನು ಮೇಲಿನ ಮಹಡಿಯಿಂದ ಒಣಹಾಕುವವರನ್ನು, ಕನ್ನಡ ಕೂಟದ ಊಟದಲ್ಲಿ ಬಡಿಸಿಕೊಂಡು ಅರ್ಧ ತಟ್ಟೆ ಚೆಲ್ಲುವವರನ್ನು ಅವಳು ಮುಖಕ್ಕೆ ಮುಖ ಕೊಟ್ಟು ಕೇಳಿಬಿಡುತ್ತಿದ್ದಳು. ಗಂಡ ಶಿವರಾಮ್ ಬ್ಯಾಂಕೊಂದರ ಸಾಫ್ಟ್‌ವೇರ್ ವಿಭಾಗದಲ್ಲಿದ್ದ ಮೆತ್ತಗಿನ ಮನುಷ್ಯ. "ಬಿಡೇ, ನಮಗ್ಯಾಕೆ" ಎನ್ನುತ್ತಲೇ ಇಪ್ಪತ್ತಮೂರು ವರ್ಷ ಸಂಸಾರ ಮಾಡಿದವನು. ಅವಳ ಇಂಥ ಸಿಡುಕುಗಳು ಸಂಜೆಯೊಳಗೆ ಆರಿಹೋಗುತ್ತಿದ್ದವು. ಕಳೆದ ವರ್ಷ ಜುಲೈಯಲ್ಲಿ ಬಂದ ಕೋಪ ಮಾತ್ರ ಆರಲಿಲ್ಲ. ಅದು ಮೊದಲು ಬಿದ್ದದ್ದು ತಪ್ಪು ಮನುಷ್ಯನ ಮೇಲೆ.

ಶಕುಂತಲಾ ಹರಿಹರದವಳು. ದಾವಣಗೆರೆಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿ ಬಿ.ಎಸ್ಸಿ. ಮುಗಿಸಿದ್ದಳು. ಮದುವೆಯಾಗಿ ಸಿಂಗಪುರಕ್ಕೆ ಬಂದವಳು ಮಗಳು ಇಶಾ ಶಾಲೆ ಸೇರುವ ತನಕ ಮನೆಯಲ್ಲೇ ಇದ್ದಳು. ಆಮೇಲೆ ಕೆಲಸ ಹುಡುಕಹೊರಟರೆ ಲ್ಯಾಬಿನವರೆಲ್ಲ ಮಾಸ್ಟರ್ಸ್ ಕೇಳಿದರು, ಪಿಎಚ್‌ಡಿ ಕೇಳಿದರು. ವುಡ್‌ಲ್ಯಾಂಡ್ಸ್‌ನ ಕಾರ್ಖಾನೆಗಳ ಬೀದಿಯಲ್ಲಿ ಒಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದ ಲಿಮ್ ಎಂಬ ಮುದುಕ ಮಾತ್ರ, "ಗಬ್ಬುವಾಸನೆ ತಡ್ಕೋತೀಯಾ?" ಎಂದೊಂದೇ ಪ್ರಶ್ನೆ ಕೇಳಿ ಕೆಲಸ ಕೊಟ್ಟ.

ಲಿಮ್‌ನ ಕಂಪನಿ ಊಟದಂಗಡಿಗಳ ಸಾಲಿರುವ ಕಾಫಿಶಾಪುಗಳ, ಹೋಟೆಲುಗಳ ಗ್ರೀಸ್ ಟ್ರ್ಯಾಪ್ ನೋಡಿಕೊಳ್ಳುತ್ತಿತ್ತು. ಅಡುಗೆಮನೆಯ ಕೊಳಕು ನೀರು ಚರಂಡಿ ಸೇರುವ ಮೊದಲು ಜಿಡ್ಡನ್ನೆಲ್ಲ ತಡೆದು ನಿಲ್ಲಿಸುವ ಗುಂಡಿ ಅದು. ಕಟ್ಟಿಕೊಂಡ ಜಿಡ್ಡನ್ನು ಲಾರಿ ತಂದು ಹೀರಿಸಬೇಕು. ಆದರೆ ಎರಡು ಲಾರಿಗಳ ನಡುವಿನ ದಿನಗಳಲ್ಲಿ ಗುಂಡಿ ತುಂಬದಂತೆ ಸಿಂಕಿನ ಕೆಳಗೊಂದು ಟ್ಯಾಂಕ್ ಕೂರಿಸಿ, ಅದರಿಂದ ಗಂಟೆಗಿಷ್ಟು ಎಂದು ಒಂದು ದ್ರವವನ್ನು ತೊಟ್ಟಿಕ್ಕಿಸುತ್ತಾರೆ. ಬ್ಯಾಕ್ಟೀರಿಯಾಗಳಿಂದ ತೆಗೆದ ಕಿಣ್ವಗಳು ಅದರಲ್ಲಿರುತ್ತವೆ. ಒಂದು ಕಿಣ್ವ ಕೊಬ್ಬನ್ನು ಒಡೆಯುತ್ತದೆ, ಒಂದು ಪಿಷ್ಟವನ್ನು, ಇನ್ನೊಂದು ಮಾಂಸ ಮೊಟ್ಟೆಗಳ ಪ್ರೋಟೀನನ್ನು. ಕಂಪನಿಯಲ್ಲಿ ಎಲ್ಲರೂ ಅದನ್ನು ಮದ್ದು ಎಂದೇ ಕರೆಯುತ್ತಿದ್ದರು. ಆ ಹೆಸರು ಇಟ್ಟವನು ವಾಸು.

ವಾಸು ಗಡಿಯಾಚೆ ಮಲೇಷ್ಯಾದ ಜೋಹೋರ್ ಬಾರುವಿನವನು. ಬೆಳಗಿನ ಜಾವ ಎದ್ದು, ಸಮುದ್ರದ ಮೇಲಿನ ಕಾಸ್‌ವೇ ರಸ್ತೆ ದಾಟುವ ಸಾವಿರಾರು ಜನರ ಸಾಲಿನಲ್ಲಿ ನಿಂತು, ಏಳಕ್ಕೆಲ್ಲ ವುಡ್‌ಲ್ಯಾಂಡ್ಸ್‌ನ ವರ್ಕ್‌ಶಾಪಿನ ಬಾಗಿಲಲ್ಲಿರುತ್ತಿದ್ದ. ಅವನ ಅಜ್ಜಿ ಹೊಸೂರು ಕಡೆಯವಳಾದ್ದರಿಂದ ಅವನಿಗೆ ಮುರುಕು ಕನ್ನಡ ಬರುತ್ತಿತ್ತು. ವಯಸ್ಸು ನಲವತ್ತಾರು, ಶಕುಂತಲಾಗಿಂತ ನಾಲ್ಕು ವರ್ಷ ಚಿಕ್ಕವನು. ಹನ್ನೊಂದು ವರ್ಷ ಇಬ್ಬರೂ ಒಂದೇ ವ್ಯಾನಿನಲ್ಲಿ ಓಡಾಡಿದ್ದರು. ಅವನು ಟ್ಯಾಂಕಿಗೆ ಮದ್ದು ತುಂಬುತ್ತಿದ್ದ, ಅವಳು ಗುಂಡಿಯೊಳಗೆ ಕೋಲು ಇಳಿಸಿ ಜಿಡ್ಡಿನ ದಪ್ಪ ಅಳೆದು ಬರೆದುಕೊಳ್ಳುತ್ತಿದ್ದಳು. ಕೂಟದ ಹೆಂಗಸರು ಯಾರಾದರೂ "ನಿಮ್ಮದೇನು ಕೆಲಸ?" ಎಂದರೆ "ಗ್ರೀಸ್ ಟ್ರ್ಯಾಪ್" ಎನ್ನುತ್ತಿದ್ದಳು. ಅವರು ಮೂಗು ಮುರಿಯುವ ತನಕ ಬಿಡದೆ ವಿವರಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಲಿಮ್ ವಯಸ್ಸಾಯಿತೆಂದು ಮ್ಯಾನೇಜರೊಬ್ಬನನ್ನು ಇಟ್ಟುಕೊಂಡ. ಬೆಂಗಳೂರಿನ ರಾಜಾಜಿನಗರದ ಸುಭಾಷ್. ನಲವತ್ತರ ಒಳಗಿನವನು, ಎಂಬಿಎ ಮಾಡಿದವನು, ಕೂಟದ ಸಮಿತಿಯಲ್ಲೂ ಇದ್ದವನು. ಮಾತು ಬೆಣ್ಣೆ. ಶಕುಂತಲಾಳನ್ನು "ಮೇಡಂ, ಮೇಡಂ" ಎಂದೇ ಕರೆಯುತ್ತಿದ್ದ. ಹಳೆಯ ಟ್ಯಾಂಕುಗಳ ಪ್ಲಾಸ್ಟಿಕ್ ನಲ್ಲಿಗಳು ಸೋರುತ್ತವೆಂದು ಕಳೆದ ವರ್ಷ ಮೇ ತಿಂಗಳಲ್ಲಿ ಮೂವತ್ತೆಂಟು ಕಡೆ ಹೊಸ ಟ್ಯಾಂಕ್ ಹಾಕಿಸಿದ. ಅವುಗಳ ವಾಲ್ವು, ಒಳಗಿನ ಜಾಲರಿ, ಕೊಳವೆಯ ತುಂಡು ಎಲ್ಲವೂ ಹಿತ್ತಾಳೆಯವು. ನೋಡಲು ಚಿನ್ನದಂತೆ ಹೊಳೆಯುತ್ತಿದ್ದವು. ಅದರ ಜೊತೆಗೆ ಗಿರಾಕಿಗಳಿಗೆ ಒಳ್ಳೆಯ ಪರಿಮಳ ಬರಲಿ ಎಂದು ಪ್ರತಿ ಟ್ಯಾಂಕಿಗೂ ನಿಂಬೆ ವಾಸನೆಯ ಒಂದು ದ್ರವ ಬೆರೆಸಲು ಹೇಳಿದ.

"ಟೆಸ್ಟ್ ಮಾಡಿದೀರಾ?" ಎಂದು ಶಕುಂತಲಾ ಆಗಲೇ ಕೇಳಿದ್ದಳು.

"ಸಪ್ಲೈಯರ್ ಸರ್ಟಿಫಿಕೇಟ್ ಇದೆ ಮೇಡಂ. ಫುಡ್ ಸೇಫ್ ಅಂತೆ."

ಅವಳು ಸುಮ್ಮನಾದಳು. ಯಾಕೆ ಸುಮ್ಮನಾದೆ ಎಂದು ಆಮೇಲೆ ತನ್ನನ್ನೇ ಎಷ್ಟು ಸಲ ಬೈದುಕೊಂಡಳೋ ಲೆಕ್ಕವಿಲ್ಲ.

ಜೂನ್ ಕೊನೆಗೆ ದೂರುಗಳು ಬರತೊಡಗಿದವು. ಅಲ್ಲೊಂದು ಗುಂಡಿ ವಾರ ಮೊದಲೇ ತುಂಬಿತು, ಇಲ್ಲೊಂದು ಸಿಂಕು ಕಟ್ಟಿಕೊಂಡಿತು. ಜುಲೈಯ ಒಂದು ಭಾನುವಾರ ಮಧ್ಯಾಹ್ನ ಜುರಾಂಗ್ ವೆಸ್ಟ್‌ನ ಕಾಫಿಶಾಪೊಂದರಲ್ಲಿ ಗುಂಡಿ ಉಕ್ಕಿಯೇಬಿಟ್ಟಿತು. ಶಕುಂತಲಾ ಹೋಗಿ ನೋಡಿದಾಗ ಊಟದ ಹೊತ್ತಿನ ಸಾಲುಗಳೆಲ್ಲ ಚದುರಿಹೋಗಿದ್ದವು. ಬೂದುಬಣ್ಣದ ಜಿಡ್ಡುನೀರು ಮೇಜುಗಳ ಕೆಳಗೆ ಹರಿದಿತ್ತು. ಮೀನಿನ ಸೂಪು ಮಾರುವ ಆಂಟಿ ರಬ್ಬರ್ ಬೂಟು ಹಾಕಿಕೊಂಡು ನೀರು ತಳ್ಳುತ್ತ, "ಹನ್ನೊಂದು ವರ್ಷದಿಂದ ಬರ್ತೀಯ, ಇವತ್ತು ನೋಡು ನನ್ನ ಭಾನುವಾರ!" ಎಂದು ಅತ್ತುಬಿಟ್ಟಳು. ಶಕುಂತಲಾ ಗುಂಡಿಯ ಮುಚ್ಚಳ ಎತ್ತಿದಳು. ಜಿಡ್ಡು ಹಲಗೆಯಂತೆ ಗಟ್ಟಿಯಾಗಿ ಕೂತಿತ್ತು. ಮದ್ದು ಬಿದ್ದ ಗುಂಡಿ ಹಾಗಿರುವುದೇ ಇಲ್ಲ.

ಸೋಮವಾರ ಸುಭಾಷ್ ಅವಳನ್ನು ಕರೆದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ.

"ನೋಡಿ ಮೇಡಂ. ಡ್ರಮ್‌ನಿಂದ ಮದ್ದು ಸರಿಯಾಗೇ ಹೋಗಿದೆ. ಟ್ಯಾಂಕಿಗೆ ಹಾಕಿದೀನಿ ಅಂತ ವಾಸು ಬರೆದಿದಾನೆ. ಆದ್ರೆ ಗುಂಡಿಯಲ್ಲಿ ಕೆಲಸವೇ ಆಗಿಲ್ಲ. ಹಾಗಾದ್ರೆ ಮದ್ದು ಎಲ್ಲಿಗೆ ಹೋಯ್ತು?"

"ಅಂದ್ರೆ?"

"ಹೊರಗಡೆ ಮಾರ್ತಿದಾನೆ. ಟ್ಯಾಂಕಿಗೆ ನೀರು ತುಂಬಿಸಿ ನಿಂಬೆ ವಾಸನೆ ಬೆರೆಸಿಬಿಟ್ರೆ ಯಾರಿಗೆ ಗೊತ್ತಾಗತ್ತೆ? ಸಂಜೆ ಬಸ್ ಸ್ಟಾಪಲ್ಲಿ ಇಪ್ಪತ್ತು ಲೀಟರ್ ಕ್ಯಾನ್ ಹಿಡ್ಕೊಂಡು ನಿಂತಿರೋದನ್ನ ನಾನೇ ನೋಡಿದೀನಿ."

ಶಕುಂತಲಾಳ ಕಣ್ಣೆದುರು ಆ ಆಂಟಿಯ ಮುಖ ಇತ್ತು. ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಹನ್ನೊಂದು ವರ್ಷದಲ್ಲಿ ತನ್ನ ಒಂದು ಗುಂಡಿಯೂ ಉಕ್ಕಿರಲಿಲ್ಲ. ಯಾರದಾದರೂ ಕೊರಳಪಟ್ಟಿ ಹಿಡಿಯಬೇಕೆನ್ನುವ ಸಿಟ್ಟು ಒಳಗೆ ಕುದಿಯುತ್ತಿತ್ತು, ಸುಭಾಷ್ ಒಂದು ಕೊರಳನ್ನು ತೋರಿಸಿಕೊಟ್ಟ. ಅವಳು ನೇರ ಹೊರಗೆ ಬಂದಳು. ಸರಕು ಇಳಿಸುವ ಜಾಗದಲ್ಲಿ ವಾಸು ಪೈಪು ತೊಳೆಯುತ್ತಿದ್ದ. ಇನ್ನೂ ಐದಾರು ಜನ ಕೆಲಸದವರಿದ್ದರು.

"ಮದ್ದು ಮಾರ್ಕೊಂಡು ತಿಂತಿದೀಯೇನೋ ಕಳ್ಳಾ?"

ವಾಸು ಪೈಪು ಕೆಳಗಿಟ್ಟ. "ಏನಕ್ಕಾ?"

"ಆ ಕ್ಯಾನಲ್ಲಿ ಏನು ಹೊತ್ಕೊಂಡು ಹೋಗ್ತಿದ್ದೆ?"

"ನೀರು ಅಕ್ಕಾ. ನಮ್ಮ ಬೀದೀಲಿ ನೀರು ನಿಂತೋಯ್ತು, ನಾ ನಿಮ್ಗೆ ಹೇಳಿದ್ನಲ್ಲ..."

"ನೀರಂತೆ ನೀರು! ಯಾರ ಕಿವಿ ಮೇಲೆ ಹೂ ಇಡ್ತೀಯ? ನಿನ್ನಿಂದ ಆ ಮುದುಕಿ ಅಳೋ ಹಾಗಾಯ್ತಲ್ಲೋ! ನಾಚಿಕೆ ಆಗಲ್ವಾ ನಿಂಗೆ?"

ಇನ್ನೂ ಏನೇನೋ ಅಂದಳು. ಕೆಲಸದವರಿಗೆ ಕನ್ನಡ ಗೊತ್ತಿರಲಿಲ್ಲ, ಆದರೆ ಕಳ್ಳ ಎಂದದ್ದು ಅವರಲ್ಲಿದ್ದ ತಮಿಳರಿಗೆ ಅರ್ಥವಾಗದ ಮಾತೇನಲ್ಲ. ವಾಸು ಒಂದೇ ಒಂದು ಮಾತು ಹೇಳಿದ. "ನೀವೂನಾ ಅಕ್ಕಾ?" ಆಮೇಲೆ ಪೈಪು ಎತ್ತಿಕೊಂಡು ಮತ್ತೆ ತೊಳೆಯತೊಡಗಿದ.

ಅವನ ಮೇಲ್ವಿಚಾರಕಿಯಾಗಿ ಅವಳು ಸುಭಾಷ್ ಬರೆದ ವರದಿಗೆ ಸಹಿ ಹಾಕಬೇಕಿತ್ತು. ನಿಂತುಕೊಂಡೇ ಹಾಕಿದಳು, ಓದಲೂ ಇಲ್ಲ. ಬುಧವಾರ ಅವನ ವರ್ಕ್ ಪರ್ಮಿಟ್ ರದ್ದಾಯಿತು.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ವಾಸುವಿನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲವಾದ್ದರಿಂದ ಜುರಾಂಗ್ ವೆಸ್ಟ್‌ನ ಗುಂಡಿಯನ್ನು ಲಾರಿ ತರಿಸಿ ಖಾಲಿ ಮಾಡಿಸಿ, ಟ್ಯಾಂಕನ್ನು ಶಕುಂತಲಾ ತಾನೇ ತುಂಬಿಸಿದಳು. ಹೊಸ ಡ್ರಮ್ಮಿನ ಸೀಲು ಒಡೆದು, ಅಳೆದು, ನೀರು ಬೆರೆಸಿ, ನಿಂಬೆಯದನ್ನೂ ಹಾಕಿ, ಬೀಗ ಜಡಿದು ಕೀಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡಳು. ಹತ್ತು ದಿನ ಬಿಟ್ಟು ಹೋಗಿ ಗುಂಡಿಗೆ ಕೋಲು ಇಳಿಸಿದಳು. ಕೋಲು ಒಳಗೆ ಹೋಗಲಿಲ್ಲ. ಜಿಡ್ಡು ಮತ್ತೆ ಹಲಗೆಯಂತೆ ಕೂತಿತ್ತು.

ಅವಳು ಟ್ಯಾಂಕಿನ ಬೀಗ ತೆಗೆದು ಟಾರ್ಚು ಬಿಟ್ಟಳು. ಮದ್ದಿನ ಬಣ್ಣ ತಿಳಿ ಚಹಾದಂತಿರಬೇಕು. ಇದರಲ್ಲಿ ಹಸಿರು ಛಾಯೆ ಇತ್ತು. ಉಳಿದದ್ದನ್ನು ಬಕೆಟಿಗೆ ಬಸಿದು, ತಳದ ವಾಲ್ವನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡಳು. ಒಳಸುತ್ತಿನ ಹೊಳಪು ಹೋಗಿ ಬೆಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ತಿರುಪಿನ ಸುತ್ತಿನಲ್ಲಿ ನೀಲಿ ಹಸಿರಿನ ಪುಡಿ ಕಟ್ಟಿತ್ತು.

"ಕಿಲುಬು" ಎಂದಳು ಗಟ್ಟಿಯಾಗಿ. ಪಕ್ಕದಲ್ಲಿದ್ದ ಸೂಪಿನ ಆಂಟಿ ಏನೆಂದು ಕೇಳಿದಳು. ಶಕುಂತಲಾ ವಾಲ್ವನ್ನು ಬ್ಯಾಗಿಗೆ ಹಾಕಿಕೊಂಡಳು.

ಹರಿಹರದ ಮನೆಯಲ್ಲಿ ಹಿತ್ತಾಳೆ ಪಾತ್ರೆಯ ಕಲಾಯಿ ಸವೆದರೆ ಅಮ್ಮ ಅದರಲ್ಲಿ ಹುಳಿ ಮಾಡಲು ಬಿಡುತ್ತಿರಲಿಲ್ಲ. ಹುಣಸೆರಸ ಹಿತ್ತಾಳೆಯನ್ನು ತಿನ್ನುತ್ತದೆ, ಹುಳಿ ಕಿಲುಬು ಹಿಡಿಯುತ್ತದೆ, ತಿಂದವರಿಗೆ ವಾಂತಿ. ಕಲಾಯಿಯವನು ಬಂದು ತವರ ಬಳಿದ ಮೇಲಷ್ಟೇ ಪಾತ್ರೆ ಒಲೆಗೆ ಏರುತ್ತಿತ್ತು. ಇಲ್ಲಿ ಹುಣಸೆಯ ಬದಲು ನಿಂಬೆಯ ಸಿಟ್ರಿಕ್ ಆಮ್ಲ, ಅಷ್ಟೇ. ಅದು ವಾರಗಟ್ಟಲೆ ಹಿತ್ತಾಳೆಯನ್ನು ನೆಕ್ಕಿ ತಾಮ್ರವನ್ನೂ ಸತುವನ್ನೂ ಕರಗಿಸಿ ಮದ್ದಿಗೆ ಬಿಟ್ಟಿತ್ತು. ಆ ತಾಮ್ರದಲ್ಲಿ ಕಿಣ್ವ ಬದುಕುವುದುಂಟೇ? ಕಾಲೇಜಿನಲ್ಲಿ ಓದಿದ್ದು ಒಂದೊಂದಾಗಿ ನೆನಪಿಗೆ ಬಂತು. ಕಿಣ್ವವೆಂದರೆ ಒಂದು ಕ್ರಮದಲ್ಲಿ ಮಡಚಿಕೊಂಡ ಪ್ರೋಟೀನಿನ ಎಳೆ. ಆ ಮಡಿಕೆ ಇರುವ ತನಕ ಕೆಲಸ, ಬಿಚ್ಚಿದರೆ ಇಲ್ಲ. ಇಂಥ ಬ್ಯಾಕ್ಟೀರಿಯಾಗಳ ಎಷ್ಟೋ ಕಿಣ್ವಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಸಂದುಗಳಲ್ಲಿ ಕೂತು ಮಡಿಕೆಯನ್ನು ಬಿಗಿಯಾಗಿ ಹಿಡಿದಿರುತ್ತವೆ. ತಾಮ್ರದ ಅಯಾನು ಬಂದರೆ ಕೂರಬಾರದ ಕಡೆ ಅಂಟಿಕೊಂಡು ಕಿಣ್ವದ ಕೈ ಕಟ್ಟಿಹಾಕುತ್ತದೆ. ಸಿಟ್ರಿಕ್ ಆಮ್ಲವಾದರೋ ತಾಮ್ರವನ್ನು ತಂದು ಹಾಕಿದ್ದಲ್ಲದೆ ಕ್ಯಾಲ್ಸಿಯಂ ಅನ್ನೂ ಎಳೆದುಕೊಳ್ಳುತ್ತದೆ.

ಎಲ್ಲವೂ ತನಗೆ ಗೊತ್ತಿದ್ದದ್ದೇ! ಗೊತ್ತಿದ್ದೂ ಒಂದು ಸಲ ಟ್ಯಾಂಕಿನ ಮುಚ್ಚಳ ತೆಗೆದು ನೋಡಿರಲಿಲ್ಲ. ನೀರಿನ ಕ್ಯಾನಿನ ವಿಷಯ ಆಗ ಜ್ಞಾಪಕಕ್ಕೆ ಬಂತು. ಆ ಕ್ಯಾನನ್ನು ಸ್ಟೋರಿನಿಂದ ತೆಗೆದು ತೊಳೆದು ವಾಸುವಿನ ಕೈಗೆ ಕೊಟ್ಟವಳು ಅವಳೇ. "ಮಕ್ಕಳಿಗೆ ಕುಡಿಯೋ ನೀರಾದ್ರೂ ತಗೊಂಡು ಹೋಗು" ಎಂದಿದ್ದಳು. ವ್ಯಾನಿನಲ್ಲಿ ಕೂತು ಸ್ಟೀರಿಂಗ್ ಚಕ್ರಕ್ಕೆ ಎರಡೂ ಮುಷ್ಟಿಗಳಿಂದ ಗುದ್ದಿದಳು. ಹಾರ್ನು ಕೂಗಿತು, ದಾರಿಹೋಕರು ತಿರುಗಿ ನೋಡಿದರು.

ಸುಭಾಷ್‌ನ ಬಳಿ ಬರಿಗೈಯಲ್ಲಿ ಹೋದರೆ ಬೆಣ್ಣೆ ಮಾತಿನಲ್ಲಿ ಜಾರಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಮನೆಯ ಅಡುಗೆಕಟ್ಟೆಯ ಮೇಲೆ ಐದು ಗಾಜಿನ ಬಾಟಲಿ ಇಟ್ಟಳು. ಎಲ್ಲದರಲ್ಲೂ ಹೊಸ ಮದ್ದು, ಟ್ಯಾಂಕಿಗೆ ಬೆರೆಸುವಷ್ಟೇ ನೀರು. ಒಂದನ್ನು ಹಾಗೇ ಬಿಟ್ಟಳು. ಎರಡನೆಯದಕ್ಕೆ ಹಿತ್ತಾಳೆ ವಾಲ್ವು ಮಾತ್ರ, ಮೂರನೆಯದಕ್ಕೆ ನಿಂಬೆ ದ್ರವ ಮಾತ್ರ, ನಾಲ್ಕನೆಯದಕ್ಕೆ ಎರಡೂ. ಐದನೆಯದಕ್ಕೆ ನಿಂಬೆ ದ್ರವದ ಜೊತೆ ತಾನು ಮೂಳೆಗೆಂದು ನುಂಗುವ ಕ್ಯಾಲ್ಸಿಯಂ ಮಾತ್ರೆಯನ್ನು ಕುಟ್ಟಿ ಹಾಕಿದಳು. ಹತ್ತು ದಿನ ಇಡಬೇಕಿತ್ತು.

ಆ ಹತ್ತು ದಿನ ಮನೆಯವರ ಪಾಡು ಹೇಳತೀರದು. ಒಗ್ಗರಣೆ ಸೀದರೆ ಸಿಡಿದಳು, ಫೋನು ಬಡಿದುಕೊಂಡರೆ ಸಿಡಿದಳು.

"ಮ್ಯಾನೇಜರ್‌ಗೆ ಒಂದು ಈಮೇಲ್ ಹಾಕಿ ಬಿಡೇ. ಮನೇನ ಲ್ಯಾಬ್ ಮಾಡಬೇಕಾ?" ಎಂದ ಶಿವರಾಮ್.

"ಅವನು ಕಳ್ಳ ಅಲ್ಲ ಅಂತ ಈಮೇಲ್ ಹಾಕಿದ್ರೆ ಕಳ್ಳ ಅಂತ ಅಂದಿದ್ದು ವಾಪಸ್ ಬರತ್ತಾ? ಸುಮ್ನಿರಿ ನೀವು!"

ಶಿವರಾಮ್ ಬಾಟಲಿಗಳನ್ನು ಒಲೆಯಿಂದ ದೂರಕ್ಕೆ ಸರಿಸಿಟ್ಟ.

ಹನ್ನೊಂದನೆಯ ದಿನ ಶನಿವಾರ. ಕೆನೆ ತೆಗೆದ ಹಾಲಿನ ಪುಡಿಯನ್ನು ತೆಳ್ಳಗೆ ಕಲಸಿ ಆರು ಲೋಟಗಳಿಗೆ ಹೊಯ್ದಳು. ಐದಕ್ಕೆ ಐದು ಬಾಟಲಿಗಳಿಂದ ಒಂದೊಂದು ಚಮಚ, ಆರನೆಯದಕ್ಕೆ ಜುರಾಂಗ್ ವೆಸ್ಟ್‌ನ ಟ್ಯಾಂಕಿನಿಂದ ತಂದದ್ದು. ಪ್ರೋಟೀನು ಒಡೆಯುವ ಕಿಣ್ವ ಜೀವಂತವಿದ್ದರೆ ಹಾಲಿನ ಬಿಳುಪು ಕರಗಿ ನೀರು ತಿಳಿಯಾಗಬೇಕು. ಹದಿನೆಂಟು ವರ್ಷದ ಇಶಾ ಓದುವುದು ಬಿಟ್ಟು ಬಂದು, ಲೋಟಗಳ ಹಿಂದೆ ಅಕ್ಷರ ಬರೆದ ಕಾಗದ ನಿಲ್ಲಿಸಿ ಹತ್ತು ನಿಮಿಷಕ್ಕೊಂದು ಫೋಟೋ ತೆಗೆದಳು.

ಮುಕ್ಕಾಲು ಗಂಟೆಗೆ ಮೊದಲ ಲೋಟದ ಹಿಂದಿನ ಅಕ್ಷರ ಸ್ಪಷ್ಟವಾಗಿ ಕಂಡಿತು. ಬರೀ ಹಿತ್ತಾಳೆಯದು ಇನ್ನರ್ಧ ಗಂಟೆ ತಡವಾಗಿ ತಿಳಿಯಾಯಿತು. ಬರೀ ನಿಂಬೆಯದು ಅಕ್ಕಿ ತೊಳೆದ ನೀರಿನಷ್ಟು ಮಸುಕಾಗೇ ಉಳಿಯಿತು. ಕ್ಯಾಲ್ಸಿಯಂ ಹಾಕಿದ್ದು ಮಾತ್ರ ನಿಂಬೆ ಇದ್ದರೂ ಹೆಚ್ಚುಕಡಿಮೆ ಮೊದಲನೆಯದರಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು.

"ಮಮ್ಮಿ, ನಂಬರ್ ಫೋರ್ ಇನ್ನೂ ಫುಲ್ ವೈಟ್ ಲಾ. ಟ್ಯಾಂಕಿಂದು ಕೂಡ ಸೇಮ್. ಡೆಡ್ ಆಗಿದೆ" ಎಂದಳು ಇಶಾ, ಸಿಂಗಪುರದ ಮಕ್ಕಳ ಧಾಟಿಯಲ್ಲಿ.

ಸಂಜೆಯವರೆಗೂ ಕಾದರು. ನಿಂಬೆ ಹಿತ್ತಾಳೆ ಎರಡೂ ಇದ್ದ ಲೋಟ ಮತ್ತು ಟ್ಯಾಂಕಿನ ಲೋಟ, ಎರಡೂ ಬೆಳ್ಳಗೇ ನಿಂತಿದ್ದವು.

"ಸೋ ಆ ಅಂಕಲ್ ಏನೂ ಮಾಡಿರ್ಲಿಲ್ವಾ?"

"ಏನೂ ಮಾಡಿರ್ಲಿಲ್ಲ ಕಣೇ. ಮಾಡಿದ್ದು ನಾನು."

ಸೋಮವಾರ ಅವಳು ಸುಭಾಷ್‌ನ ಮೇಜಿನ ಮೇಲೆ ವಾಲ್ವನ್ನು ಇಟ್ಟಳು. ಇಟ್ಟಳೆನ್ನುವುದಕ್ಕಿಂತ ಕುಕ್ಕಿದಳು. ಫೋಟೋಗಳನ್ನು ಒಂದರ ಪಕ್ಕ ಒಂದು ಹರಡಿ ಎಲ್ಲ ಹೇಳಿದಳು. ಸುಭಾಷ್ ಪೂರ್ತಿ ಕೇಳಿಸಿಕೊಂಡ. ದಡ್ಡನಲ್ಲ ಅವನು, ಬೇಗ ಅರ್ಥವಾಯಿತು.

"ಎಕ್ಸಲೆಂಟ್ ಮೇಡಂ. ತುಂಬಾ ಒಳ್ಳೆ ಕೆಲಸ ಮಾಡಿದೀರಿ. ಈ ವಾರವೇ ವಾಲ್ವ್ ಎಲ್ಲ ಪ್ಲಾಸ್ಟಿಕ್‌ಗೆ ಚೇಂಜ್ ಮಾಡಿಸೋಣ. ನಿಂಬೆದೂ ನಿಲ್ಲಿಸಿಬಿಡಿ."

"ವಾಸು?"

"ಅದು ಕ್ಲೋಸ್ ಆದ ವಿಷಯ. ಈಗ ಯಾಕೆ ಎಳೆಯೋದು?"

"ನಿಮ್ಮ ವಾಲ್ವ್ ಮಾಡಿದ ಕೆಲಸಕ್ಕೆ ಅವನ ಅನ್ನ ಕಿತ್ಕೊಂಡಿದೀರಿ. ಕಳ್ಳ ಅಂತ ಬರೆದು ಕಳಿಸಿದೀರಿ. ಅದು ತಪ್ಪು ಅಂತ ಬರೆದುಕೊಡಿ. ಅವನನ್ನ ವಾಪಸ್ ಕರೀರಿ."

ಸುಭಾಷ್ ದನಿ ತಗ್ಗಿಸಿದ. "ಹಾಗೆ ಬರೆದ್ರೆ ಏನರ್ಥ ಮೇಡಂ? ಮೂವತ್ತೆಂಟು ಗಿರಾಕಿಗಳಿಗೂ ಎರಡು ತಿಂಗಳು ಸತ್ತ ಮದ್ದು ಹಾಕಿದ್ವಿ ಅಂತ ನಾವೇ ಒಪ್ಕೊಂಡ ಹಾಗೆ. ಕಂಪನಿ ಉಳಿಯತ್ತಾ? ನಿಮ್ಮ ಕೆಲಸಾನೂ ಹೋಗತ್ತೆ. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ."

"ಹೋಗ್ಲಿ."

"ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ." ಅವನು ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ. "ಆ ರಿಪೋರ್ಟಿಗೆ ಸೈನ್ ಹಾಕಿರೋದು ನಾನಲ್ಲ, ನೀವು."

ಶಕುಂತಲಾ ಹಾಳೆಯನ್ನು ಮೊದಲ ಬಾರಿಗೆ ಓದಿದಳು. "ಮೇಲ್ವಿಚಾರಕಿ ಸ್ವತಃ ಟ್ಯಾಂಕನ್ನು ಪರೀಕ್ಷಿಸಿ, ಅದರಲ್ಲಿ ಬರೀ ನೀರಿರುವುದನ್ನು ಕಂಡಿದ್ದಾರೆ" ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಅವಳದೇ ಸಹಿ.

ಇವನು ಸುಳ್ಳು ಬರೆದದ್ದು ಒಂದು, ಆ ಸುಳ್ಳಿನ ಅಡಿಗೆ ತನ್ನ ಹೆಸರು ಕೂತದ್ದು ಇನ್ನೊಂದು. ಹಾಳೆಯನ್ನು ಹರಿದು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಹರಿಯಲಿಲ್ಲ. ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು.

"ಸೈನ್ ನಂದೇ" ಎಂದಳು. "ಅದಕ್ಕೆ ನಾನು ಅನುಭವಿಸ್ತೀನಿ. ಈ ಸಾಲು ಬರೆದವನು ಯಾರು ಅಂತಲೂ ಹೇಳ್ತೀನಿ."

ಲಿಮ್‌ನ ಮನೆಗೆ ಅವಳು ಅದೇ ಮಧ್ಯಾಹ್ನ ಹೋದಳು. ಮುದುಕ ಬನಿಯನ್ನಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. ಅವಳು ನಿಂತೇ ಹೇಳಿದಳು. ತಾನು ನೋಡದೆ ಸಹಿ ಹಾಕಿದ್ದೇನೆ, ವರದಿಯಲ್ಲಿರುವುದು ಸುಳ್ಳು, ಸಹಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆದು ತಂದಿದ್ದ ಪತ್ರವನ್ನು ಕೊಟ್ಟಳು. ವಾಸುವಿಗೆ ಶುಕ್ರವಾರದೊಳಗೆ ಪತ್ರ ಸಿಗದಿದ್ದರೆ ಮೂವತ್ತೆಂಟು ಅಡುಗೆಮನೆಗಳಿಗೂ ಈ ವಾಲ್ವು ಹಿಡಿದು ತಾನೇ ಹೋಗುತ್ತೇನೆ ಎಂದೂ ಹೇಳಿದಳು. ಲಿಮ್ ವಾಲ್ವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಹೊಸ ವಾಲ್ವಿಗೆ ಒಪ್ಪಿಗೆ ಕೊಟ್ಟವನು ನಾನೇ" ಎಂದ. ಆಮೇಲೆ, "ಕೂತ್ಕೊ, ಕಿರುಚಬೇಡ. ಪತ್ರ ಕೊಡ್ತೀನಿ."

ಪತ್ರ ಬಂತು. ವಾಸುವಿನ ಮೇಲಿನ ಆರೋಪಕ್ಕೆ ಆಧಾರ ಸಿಗಲಿಲ್ಲ, ಹನ್ನೊಂದು ವರ್ಷ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾನೆ, ಬಯಸಿದರೆ ಮತ್ತೆ ಸೇರಬಹುದು ಎಂದಿತ್ತು. ಕ್ಷಮೆಯ ಮಾತಿರಲಿಲ್ಲ. ಹಿತ್ತಾಳೆಯ ಮಾತೂ ಇರಲಿಲ್ಲ. ಸುಭಾಷ್‌ಗೆ ಏನೂ ಆಗಲಿಲ್ಲ. ಅವನು ಮಾರನೆಯ ದಿನವೂ "ಗುಡ್ ಮಾರ್ನಿಂಗ್ ಮೇಡಂ" ಎಂದ. ಶಕುಂತಲಾ ಮುಖ ತಿರುಗಿಸಿಕೊಂಡು ಹೋದಳು.

ಭಾನುವಾರ ಅವಳು ವುಡ್‌ಲ್ಯಾಂಡ್ಸ್‌ನಲ್ಲಿ ಬಸ್ಸು ಹತ್ತಿ ಕಾಸ್‌ವೇ ದಾಟಿದಳು. ಎರಡೂ ಕಡೆಯ ತಪಾಸಣೆ ಮುಗಿಸಲು ಎರಡು ಗಂಟೆ ಹಿಡಿಯಿತು. ಹನ್ನೊಂದು ವರ್ಷ ದಿನಾ ಈ ಸಾಲಿನಲ್ಲಿ ನಿಂತು ವಾಸು ಒಂದು ದಿನವೂ ತಡವಾಗಿ ಬಂದಿರಲಿಲ್ಲ.

ವಾಸು ಭಾವಮೈದುನನ ಟೈರ್ ಅಂಗಡಿಯಲ್ಲಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡು ಎದ್ದು ನಿಂತ. ಒಳಗೆ ಕರೆಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ನೆರಳಿಗೆ ಎಳೆದು ಕೊಟ್ಟ. ಅವಳು ಕೂರಲಿಲ್ಲ. ಪತ್ರ ಕೊಟ್ಟಳು. ಹಿತ್ತಾಳೆ, ನಿಂಬೆ, ಹಾಲಿನ ಲೋಟ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅವನು ಪತ್ರ ಓದಿ ಮಡಚಿದ. "ಅಂದ್ರೆ ಮದ್ದು ಟ್ಯಾಂಕಲ್ಲೇ ಸತ್ತೋಗಿತ್ತು."

"ಹೂಂ. ನಿಂದೇನೂ ತಪ್ಪಿರ್ಲಿಲ್ಲ. ನಾನು ತಪ್ಪು ಮಾಡಿದೆ ವಾಸು. ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಅಂದೆ."

"ಬೈದದ್ದು ಬಿಡಿ ಮೇಡಂ. ನೀವು ಯಾವಾಗ್ಲೂ ಬೈತೀರಿ, ನಂಗೆ ಅಭ್ಯಾಸ." ಹನ್ನೊಂದು ವರ್ಷದಲ್ಲಿ ಅವನು ಅವಳನ್ನು ಮೇಡಂ ಎಂದದ್ದು ಅದೇ ಮೊದಲು. "ಸೈನ್ ಹಾಕೋಕೆ ಮುಂಚೆ ಒಂದ್ ಸಲ ಟ್ಯಾಂಕ್ ತೆಗೆದು ನೋಡ್ಬೋದಿತ್ತು. ಯಾವ ಗುಂಡಿ ಆದ್ರೂ ನೀವು ಮೊದ್ಲು ತೆಗೆದು ನೋಡ್ತೀರಿ. ನಂದು ಮಾತ್ರ ನೋಡಿಲ್ಲ."

ಶಕುಂತಲಾ ಅವನ ಕೈಯಲ್ಲಿದ್ದ ಪತ್ರದ ಕಡೆ ಬೆರಳು ತೋರಿಸಿದಳು.

"ವಾಪಸ್ ಬಾ. ಮಾಲೀಕರು ಒಪ್ಪಿದಾರೆ."

"ಬರಲ್ಲ."

"ನಿಂಗೆ ಆ ಸುಭಾಷ್ ಮೇಲೆ ಕೋಪ ಇಲ್ವಾ? ಸುಳ್ಳು ಬರೆದವನು ಅವನು!"

"ಅವನು ಯಾರು ನಂಗೆ?" ಎಂದ ವಾಸು. ದನಿ ಏರಿಸದೆ ಪತ್ರವನ್ನು ಜೇಬಿಗೆ ತುರುಕಿಕೊಂಡ. "ನೀವು ಹೋಗಿ ಮೇಡಂ. ಗಿರಾಕಿ ಕಾಯ್ತಿದ್ದಾರೆ."

ಅವಳು ಹಿಂದಿರುಗಿದಳು. ಬಸ್ಸಿನಲ್ಲಿ ಪಕ್ಕದವರು ಕಿಟಕಿಯ ಕಡೆ ಸರಿದು ಕೂರುವಷ್ಟು ಅವಳ ಮುಖ ಗಂಟಿಕ್ಕಿತ್ತು. ಅವನ ಮೇಲೂ ಸಿಟ್ಟು ಬಂದಿತ್ತು. ಬೈಯಬಾರದಿತ್ತೇ ಅವನು, ಬೈದು ಬಾಗಿಲು ಹಾಕಿಕೊಳ್ಳಬಾರದಿತ್ತೇ, ಕುರ್ಚಿಯನ್ನು ಯಾಕೆ ನೆರಳಿಗೆ ಎಳೆಯಬೇಕಿತ್ತು? ಮನೆಗೆ ಬಂದು ಶಿವರಾಮ್‌ಗೆ ಹೇಳುವಾಗ ಮೊದಲ ಬಾರಿಗೆ ಅತ್ತಳು. ಅವನು "ಬಿಡೇ" ಎನ್ನಲಿಲ್ಲ.

ಆ ವಾರವೇ ಶಕುಂತಲಾ ಮೂವತ್ತೆಂಟು ಟ್ಯಾಂಕುಗಳ ಹಿತ್ತಾಳೆಯನ್ನೂ ತಾನೇ ಎದುರು ನಿಂತು ಬಿಚ್ಚಿಸಿದಳು. ಸೂಪಿನ ಆಂಟಿಗೆ ನಡೆದದ್ದನ್ನೆಲ್ಲ ಹೇಳಿಯೇಬಿಟ್ಟಳು. ಸುಭಾಷ್ ಹೆದರಿದಂತೆ ಕಂಪನಿಯೇನೂ ಮುಳುಗಲಿಲ್ಲ, ನಾಲ್ಕು ಗಿರಾಕಿಗಳು ಬಿಟ್ಟುಹೋದರು, ಅಷ್ಟೇ. ಅವಳು ಕೆಲಸ ಬಿಡಲಿಲ್ಲ. ತಾನು ಬಿಟ್ಟರೆ ಸುಭಾಷ್‌ಗೆ ಹಬ್ಬ ಎನ್ನುವ ಹಟ ಒಂದು ಕಡೆಯಾದರೆ, ಇನ್ನೊಬ್ಬ ಕೆಲಸದವನ ಮೇಲೆ ಇಂಥದೇ ಹಾಳೆ ಬರದಂತೆ ಕಾಯಬೇಕೆನ್ನುವುದು ಇನ್ನೊಂದು. ಅವನು ಏನೇ ಕಾಗದ ಮುಂದೆ ತಳ್ಳಿದರೂ ಅವಳು ಪ್ರತಿ ಸಾಲನ್ನೂ ಗಟ್ಟಿಯಾಗಿ, ಅಕ್ಕಪಕ್ಕದವರಿಗೆ ಕೇಳುವಂತೆ ಓದುತ್ತಾಳೆ. ಅವನು ಕಿಟಕಿಯ ಕಡೆ ನೋಡುತ್ತ ಕೂರುತ್ತಾನೆ.

ವಾಸುವಿಗೆ ಜನವರಿಯಲ್ಲಿ ವುಡ್‌ಲ್ಯಾಂಡ್ಸ್‌ನದೇ ಇನ್ನೊಂದು ಕಂಪನಿಯಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತು. ಲಿಮ್‌ನ ಪತ್ರ ತೋರಿಸಿದ್ದರಿಂದಲೇ ಪರ್ಮಿಟ್ ಆಯಿತೆಂದು ವರ್ಕ್‌ಶಾಪಿನ ಹಳಬನೊಬ್ಬ ಅವಳಿಗೆ ಹೇಳಿದ. ಅವಳು "ಒಳ್ಳೇದಾಯ್ತು" ಎಂದು ಹೇಳಿ, ಪಕ್ಕದಲ್ಲಿ ವ್ಯಾನಿನ ಬಾಗಿಲಿಗೆ ಅಡ್ಡವಾಗಿ ಡ್ರಮ್ಮು ನಿಲ್ಲಿಸಿದ್ದವನ ಮೇಲೆ ಹರಿಹಾಯ್ದಳು.